ಎದುರಿಗೆ ಕೂತವರು

ನಮ್ಮ ಕಾಲೇಜಿನ ಹಳೇ ಕಟ್ಟಡದ ಮೂಲೆಯಲ್ಲಿ, ಸೈಕಲ್ ಸ್ಟ್ಯಾಂಡಿನ ಪಕ್ಕ ಒಂದು ಸಣ್ಣ ಕೋಣೆಯಿತ್ತು. ಅದೇ ನಮ್ಮ ಸೈಕಾಲಜಿ ಲ್ಯಾಬ್. 1996ರಲ್ಲಿ ನಾನು ಬಿ.ಎ.ಗೆ ಸೇರಿದಾಗ ಅಲ್ಲಿ ಎರಡು ಮರದ ಮೇಜು, ಬೀಗ ಹಾಕಿದ ಒಂದು ಬೀರು, ನಾಲ್ಕು ಸ್ಟಾಪ್‌ವಾಚ್ ಇದ್ದವು. ನಾಲ್ಕರಲ್ಲಿ ಎರಡು ಓಡುತ್ತಿದ್ದವು. ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ಕಣ್ಣಿಗೆ ಬಂದದ್ದು ಆ ಕೋಣೆ, ಆಮೇಲೆ ಅಲ್ಲಿ ನಮಗೆ ಪಾಠ ಹೇಳಿದ ಮೇಡಂ. ಹೆಸರು ಮಾತ್ರ ಹಾಕಬೇಡ ಎಂದು ಅವರು ಫೋನಿನಲ್ಲಿ ಹೇಳಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಮೇಡಂ ಎಂ.ಎ. ಓದಿದ್ದು ಮೈಸೂರಿನಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ, ಮುಂದೆ 1935ರಲ್ಲಿ ಮೈಸೂರಿನಲ್ಲೇ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ಕಟ್ಟಿದವರೂ ಅವರೇ. ಇದನ್ನು ಹೇಳುವಾಗ ಮೇಡಂ ದನಿಯಲ್ಲಿ ತವರುಮನೆ ಸುದ್ದಿ ಹೇಳುವ ಹಿಗ್ಗು ಇರುತ್ತಿತ್ತು.

ಪ್ರಾಕ್ಟಿಕಲ್ ದಿನ ಪ್ರತಿಯೊಬ್ಬರೂ ಒಬ್ಬ 'ಸಬ್ಜೆಕ್ಟ್' ಕರೆದುಕೊಂಡು ಬರಬೇಕಿತ್ತು. ಯಾರ ಮೇಲೆ ಪ್ರಯೋಗ ಮಾಡುತ್ತೇವೋ ಅವರನ್ನು ಹಾಗೆ ಕರೆಯುವುದು ವಾಡಿಕೆ. ಮಿರರ್ ಡ್ರಾಯಿಂಗ್ ದಿನ ನಾನು ಹಾಸ್ಟೆಲ್‌ನ ಜೂನಿಯರ್ ಹುಡುಗಿಯೊಬ್ಬಳನ್ನು ಕರೆತಂದೆ. ನೋಡದವರಿಗಾಗಿ ಹೇಳುತ್ತೇನೆ. ಹಲಗೆಯ ಮೇಲೆ ಜೋಡಿಗೆರೆಯ ಒಂದು ನಕ್ಷತ್ರ ಇರುತ್ತೆ. ಕೈ ಕಾಣದ ಹಾಗೆ ಅಡ್ಡಕ್ಕೊಂದು ತಗಡು, ಎದುರಿಗೆ ಕನ್ನಡಿ. ಕನ್ನಡಿಯನ್ನಷ್ಟೇ ನೋಡುತ್ತಾ ಆ ಎರಡು ಗೆರೆಗಳ ನಡುವೆ ಕಡ್ಡಿ ಎಳೆಯಬೇಕು. ಮೇಲಕ್ಕೆ ಹೋಗಬೇಕು ಅಂದುಕೊಂಡರೆ ಕೈ ಕೆಳಕ್ಕೆ ಹೋಗುತ್ತೆ. ಮೊದಲ ಮೂಲೆಯಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಅವಳೂ ಸಿಕ್ಕಿಹಾಕಿಕೊಂಡಳು. ನನ್ನ ಕಣ್ಣು ಸ್ಟಾಪ್‌ವಾಚ್ ಮೇಲಿತ್ತು. 'ಬೇಗ, ಬೇಗ' ಅನ್ನುತ್ತಿದ್ದೆ. ಎರಡು ನಿಮಿಷ ಆಯಿತು, ಮೂರಾಯಿತು. ಕಡ್ಡಿ ಅಲ್ಲೇ ನಡುಗುತ್ತಿತ್ತು. ಹಲಗೆಯ ಮೇಲೆ ಒಂದು ಹನಿ ನೀರು ಬಿತ್ತು. ಅವಳು ಅಳುತ್ತಿದ್ದಳು.

ಮೇಡಂ ಬಂದು ನನ್ನ ಕೈಯಿಂದ ವಾಚ್ ತೆಗೆದುಕೊಂಡು ನಿಲ್ಲಿಸಿದರು. 'ಮೊದಲು ಅವಳಿಗೆ ನೀರು ಕೊಡು' ಎಂದರು. ಆಮೇಲೆ ಮೆತ್ತಗೆ ಕೇಳಿದರು: 'ಇದು ಬುದ್ಧಿ ಅಳೆಯೋದಲ್ಲ, ಎಲ್ಲರಿಗೂ ತಪ್ಪುತ್ತೆ ಅಂತ ಇವಳಿಗೆ ಹೇಳಿದ್ಯಾ?' ಹೇಳಿರಲಿಲ್ಲ. ತಾನು ದಡ್ಡಿ ಎಂಬುದು ಇವತ್ತು ಎಲ್ಲರ ಮುಂದೆ ಗೊತ್ತಾಗಿಹೋಗುತ್ತೆ ಎಂದು ಆ ಹುಡುಗಿ ಅಂದುಕೊಂಡಿದ್ದಳು. ಆ ದಿನ ನನ್ನ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳಲಿಲ್ಲ. ಅವಳ ಹತ್ತಿರ ಹೋಗಿ ಮಾತಾಡಿ ಬಂದ ಮೇಲೆ ಬಿತ್ತು.

ಮಿಲ್‌ಗ್ರಾಮ್ ಪ್ರಯೋಗದ ಪಾಠ ಮಾಡಿದ್ದೂ ಹಾಗೆಯೇ. 1963ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 40 ಜನ ಗಂಡಸರು ಇನ್ನೊಬ್ಬನಿಗೆ ಕರೆಂಟ್ ಶಾಕ್ ಕೊಡುತ್ತಿದ್ದೇವೆಂದು ನಂಬಿದ್ದರು. ಮುಂದುವರಿಸಿ ಎಂದು ಪ್ರಯೋಗ ನಡೆಸುವವನು ಹೇಳುತ್ತಿದ್ದ ಹಾಗೆ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಶಾಕ್ ನಿಜವಾಗಿರಲಿಲ್ಲ, ಆ ಕಡೆಯವನು ನಟಿಸುತ್ತಿದ್ದ. ನಮ್ಮ ಗೈಡಿನಲ್ಲಿ ಇದ್ದದ್ದು ಇಷ್ಟೇ. ಮೇಡಂ ಇಡೀ ಒಂದು ಪೀರಿಯಡ್ ಆ ಗಂಡಸರ ಬಗ್ಗೆಯೇ ಮಾತಾಡಿದರು. ಅವರು ಬೆವರಿದ್ದು, ನಡುಗಿದ್ದು, ತುಟಿ ಕಚ್ಚಿಕೊಂಡಿದ್ದು. ಮನುಷ್ಯರನ್ನು ಹೀಗೆ ಹಿಂಡುವುದು ಸರಿಯೇ ಎಂದು ಮನಃಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ಮರುವರ್ಷವೇ ಬರೆದು ಕೇಳಿದ್ದು. 'ಆ ರಾತ್ರಿ ಅವರು ಮನೆಗೆ ಹೋಗಿ ಊಟ ಮಾಡಿದ್ರಾ?' ಎಂದು ಮೇಡಂ ನಮ್ಮನ್ನು ಕೇಳಿದರು. ನಾವು ಸುಮ್ಮನೆ ಕೂತಿದ್ದೆವು.

ಅಪಸಾಮಾನ್ಯ ಮನಃಶಾಸ್ತ್ರದ, ಅಂದರೆ ಮನಸ್ಸಿನ ಕಾಯಿಲೆಗಳ ಪೇಪರ್ ಶುರುವಾದ ಮೇಲೆ ನಮಗೆ ಕಂಡವರೆಲ್ಲ ರೋಗಿಗಳು. ಕೈ ಜಾಸ್ತಿ ತೊಳೆಯುವ ರೂಮ್‌ಮೇಟ್‌ಗೆ ಗೀಳು, ಸಿಟ್ಟು ಮಾಡುವ ವಾರ್ಡನ್‌ಗೆ ಇನ್ನೊಂದು. ನಾನು ಒಂದು ದಿನ ಎದ್ದು ನಿಂತು, 'ನಮ್ಮ ದೊಡ್ಡಮ್ಮನಿಗೆ ಹಿಸ್ಟೀರಿಯಾ ಇದೆ ಮೇಡಂ. ಶುಕ್ರವಾರ ಮೈಮೇಲೆ ಚೌಡಮ್ಮ ಬರುತ್ತಾಳೆ' ಎಂದೆ. ಕ್ಲಾಸ್ ನಕ್ಕಿತು. ಮೇಡಂ ನಗಲಿಲ್ಲ. ಕೂತ್ಕೋ ಎಂದರು.

ಕ್ಲಾಸ್ ಮುಗಿದ ಮೇಲೆ ಕರೆದು ಒಂದೊಂದಾಗಿ ಕೇಳಿದರು. ದೇವರು ಎಲ್ಲಿ ಬರುತ್ತೆ? ಗುಡಿಯಲ್ಲಿ. ಬೇರೆ ಕಡೆ? ಇಲ್ಲ. ಶನಿವಾರ ದೊಡ್ಡಮ್ಮ ಏನು ಮಾಡ್ತಾರೆ? ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯುತ್ತಾರೆ, ರೊಟ್ಟಿ ತಟ್ಟುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಅವರಿಗೆ ಅದರಿಂದ ಕಷ್ಟ ಇದೆಯಾ? ಇಲ್ಲ. ಆಮೇಲೆ ಮೇಡಂ ಬೀರುವಿನಿಂದ ಪುಸ್ತಕ ತೆಗೆದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-10ರಲ್ಲಿ ಮೈಮೇಲೆ ಬರುವುದರ ಬಗ್ಗೆ ಇದ್ದ ಭಾಗ ಓದಿದರು. ಒಲ್ಲದೇ ಬಂದು, ಧರ್ಮ ಮತ್ತು ಸಂಸ್ಕೃತಿ ಒಪ್ಪಿದ ಸಂದರ್ಭದ ಹೊರಗೆ ಆದರೆ ಮಾತ್ರ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತೆ ಎಂದು ಅಲ್ಲಿತ್ತು. 'ದೊಡ್ಡಮ್ಮನ್ನ ಕೇಳದೆ ಅವರಿಗೆ ಹೆಸರಿಟ್ಟುಬಿಟ್ಯಲ್ಲ' ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಲೈಬ್ರರಿಯ ಹಳೇ ಪಠ್ಯದಲ್ಲಿ ಸಲಿಂಗಕಾಮವನ್ನೂ ಕಾಯಿಲೆಗಳ ಜೊತೆ ಸೇರಿಸಿದ್ದರು. ಆ ಪುಟದ ಅಂಚಿನಲ್ಲಿ ಮೇಡಂ ಅಕ್ಷರದಲ್ಲಿ ಪೆನ್ಸಿಲ್ ಸಾಲೊಂದಿತ್ತು: 'ಅಮೆರಿಕದ ಮನೋವೈದ್ಯರು 1973ರಲ್ಲೇ ಇದನ್ನು ಪಟ್ಟಿಯಿಂದ ತೆಗೆದಿದ್ದಾರೆ.' ಈ ಪುಟ ಓದುತ್ತಾ ಒಬ್ಬನೇ ಕೂತ ಹುಡುಗನಿಗಾಗಿ ಬರೆದೆ ಎಂದು ಬಹಳ ವರ್ಷಗಳ ನಂತರ ಹೇಳಿದರು. ಅಂಥವನೊಬ್ಬ ಬಂದಿದ್ದನೋ ಇಲ್ಲವೋ, ನಾನು ಕೇಳಲಿಲ್ಲ.

ಈಗ ನಾನೂ ಇದೇ ಪಾಠ ಮಾಡುತ್ತೇನೆ, ಬೇರೆ ಊರಿನ ಕಾಲೇಜಿನಲ್ಲಿ. 18 ವರ್ಷವಾಯಿತು. ಋಣಾತ್ಮಕ ಪುನರ್ಬಲನ ಎಂದರೆ ಮಕ್ಕಳು ಇವತ್ತಿಗೂ ಶಿಕ್ಷೆ ಎಂದೇ ಬರೆಯುತ್ತಾರೆ. ಏನೋ ಮಾಡಿದ್ದರಿಂದ ಒಂದು ಕಾಟ ತಪ್ಪಿ, ಅದನ್ನೇ ಮತ್ತೆ ಮಾಡುವುದು ಅದು. ಆಗ ಮೇಡಂ ಕೊಟ್ಟ ಜಾತ್ರೆಯ ಉದಾಹರಣೆಯನ್ನೇ ಕೊಡುತ್ತೇನೆ. ಮಗು ಪೀಪಿ ಬೇಕೆಂದು ಅಳುತ್ತೆ, ತಾಯಿ ಕೊಡಿಸುತ್ತಾಳೆ, ಅಳು ನಿಲ್ಲುತ್ತೆ. ಮಗುವಿಗೆ ಪೀಪಿ ಸಿಕ್ಕಿತು, ಇನ್ನೊಮ್ಮೆ ಅಳುತ್ತೆ. ತಾಯಿಗೆ ಅಳುವಿನ ಕಾಟ ತಪ್ಪಿತು, ಇನ್ನೊಮ್ಮೆ ಕೊಡಿಸುತ್ತಾಳೆ. ತಾಯಿಗೆ ಆದದ್ದು ಋಣಾತ್ಮಕ ಪುನರ್ಬಲನ, ಅಲ್ವಾ? ಇಲ್ಲಿ ಯಾರಿಗೂ ಶಿಕ್ಷೆಯೇ ಇಲ್ಲ.

ಆಗ ಇರದಿದ್ದ ಪ್ರಶ್ನೆಗಳೂ ಈಗ ಬರುತ್ತವೆ. ಹುಡುಗರಿಗೆ ಕೈದಿ, ಕಾವಲುಗಾರರ ಪಾತ್ರ ಕೊಟ್ಟ 1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದಲ್ಲಿ ಕಾವಲುಗಾರರು ತಾವಾಗಿಯೇ ಕ್ರೂರಿಗಳಾದರು ಎಂದು ನಾವು ಓದಿದ್ದೆವು. ಆದರೆ ಕಾವಲುಗಾರನಾಗಿದ್ದ ಹುಡುಗನೊಬ್ಬನಿಗೆ ಗಟ್ಟಿಯಾಗಿ ನಡೆದುಕೋ ಎಂದು ತಂಡದವರೇ ಹೇಳಿದ್ದು ಆಗಿನ ಧ್ವನಿಮುದ್ರಣದಲ್ಲಿದೆ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮೊದಲಿನ ಫಲಿತಾಂಶ ಬರಲಿಲ್ಲ. ಇದನ್ನು ಹೇಳಿದರೆ ಮಕ್ಕಳು ಕೇಳುವುದು ಒಂದೇ: 'ಹಾಗಾದ್ರೆ ಪರೀಕ್ಷೆಯಲ್ಲಿ ಏನು ಬರೀಬೇಕು ಮೇಡಂ?' ಎರಡನ್ನೂ ಬರೆಯಿರಿ ಎನ್ನುತ್ತೇನೆ. ಅಂಕ ಹೋಗುತ್ತದೇನೋ ಎಂಬ ಭಯ ಅವರಿಗಿದೆ, ನನಗೂ ಇದೆ. ಆದರೂ ಗೊತ್ತಿದ್ದೂ ಮುಚ್ಚಿಟ್ಟು ಪಾಠ ಮಾಡಲು ನನ್ನಿಂದ ಆಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಖಿನ್ನತೆ ಮತ್ತು ಆತ್ಮಹತ್ಯೆಯ ಪಾಠ. ಎದುರಿಗೆ ಕೂತ ಅರವತ್ತು ಮಂದಿಯಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ ಗೊತ್ತಿರುವುದಿಲ್ಲ. ನಾವು ಓದುವಾಗ ಸಾಯಲು ಯತ್ನಿಸಿ ಬದುಕಿ ಉಳಿದವರ ಮೇಲೆ ಕೇಸು ಹಾಕುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ನೋಡಬೇಕು. ಈಗ ಟೆಲಿ-ಮಾನಸ್ ಇದೆ, ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ನೆರವು ಕೊಡುವ ಸರ್ಕಾರದ ಸಹಾಯವಾಣಿ. 14416 ಎಂದು ಬೋರ್ಡಿನ ಮೂಲೆಯಲ್ಲಿ ಬರೆದೇ ಆ ಪಾಠ ಶುರು ಮಾಡುತ್ತೇನೆ.

ಮೊದಲ ಸಲ ಆ ಪಾಠ ಮಾಡುವ ಮುಂಚೆ ಮೇಡಂಗೆ ಫೋನ್ ಮಾಡಿದ್ದೆ. ಅವರು ಹೇಳಿದ್ದು ಎರಡೇ ಮಾತು. 'ನೀನು ಪಾಠ ಹೇಳೋಳು, ಡಾಕ್ಟರ್ ಅಲ್ಲ. ಆದ್ರೆ ಡಾಕ್ಟರ್ ತನಕ ಜೊತೆಗೆ ಹೋಗಬಹುದು.' ಆಮೇಲೆ, 'ಬೆಲ್ ಆದ ತಕ್ಷಣ ಹೊರಡಬೇಡ. ಬೋರ್ಡ್ ನಿಧಾನಕ್ಕೆ ಒರೆಸು.'

ಆಗ ನೆನಪಾಯಿತು. ಮೇಡಂ ಯಾವತ್ತೂ ಬೆಲ್ ಆದ ಕೂಡಲೇ ಹೋಗುತ್ತಿರಲಿಲ್ಲ. ಬೋರ್ಡಿನ ಎಡತುದಿಯಿಂದ ಶುರುಮಾಡಿ, ಬೆನ್ನು ನಮ್ಮ ಕಡೆಗಿಟ್ಟು, ಒಂದೊಂದೇ ಸಾಲು ಒರೆಸುತ್ತಿದ್ದರು. ಅವರಿಗೆ ಬೋರ್ಡ್ ಚೊಕ್ಕಟವಾಗಿರಬೇಕು ಅಂತ ನಾವು ಅಂದುಕೊಂಡಿದ್ದೆವು.

ಹೋದ ತಿಂಗಳು ಆ ಪಾಠ ಮುಗಿಸಿ ನಾನೂ ಡಸ್ಟರ್ ಹಿಡಿದು ನಿಂತಿದ್ದೆ. ಬೆಂಚುಗಳ ಸದ್ದು ನಿಂತಿತ್ತು. ಇನ್ನೂ ಅರ್ಧ ಬೋರ್ಡ್ ಉಳಿದಿತ್ತು. ಹಿಂದಿನಿಂದ ಯಾರೋ, 'ಮೇಡಂ, ನಮ್ಮ ಅಣ್ಣನ ಬಗ್ಗೆ ಒಂದು ಮಾತು ಕೇಳಬೇಕಿತ್ತು' ಎಂದರು. ಡಸ್ಟರ್ ಇಟ್ಟು, ಮೊದಲ ಬೆಂಚಿನಲ್ಲಿ ಅವಳ ಪಕ್ಕ ಕೂತೆ.