ಫೋಮ್ ಒಳಗಿನ ಪೊಳ್ಳು

ಇವತ್ತು ಒಂದು ಇಂಧನ ಟ್ಯಾಂಕನ್ನು ಅಡ್ಡಲಾಗಿ ಕೊಯ್ದು ನೋಡಿದೆವು. ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಒಳಗೆ, ಎರಡು ಗೋಡೆಗಳ ನಡುವೆ ಬಿಸಿ ತಡೆಯೋಕೆ ತುಂಬಿದ ಫೋಮ್‌ನಲ್ಲಿ, ಮೂಲೆ ಹತ್ತಿರ ಹೆಬ್ಬೆರಳು ಹೋಗುವಷ್ಟು ಪೊಳ್ಳು.

ಬೆರಳು ಹಾಕಿ ನೋಡಿದೆ. ಅಂಚು ನುಣ್ಣಗಿತ್ತು, ಸ್ವಲ್ಪ ಹೊಳೆಯುತ್ತಿತ್ತು. ಅಂದ್ರೆ ಫೋಮ್ ಅಲ್ಲಿವರೆಗೂ ಬಂದಿದೆ, ಗಾಳಿಗೆ ಮಾತ್ರ ಹೊರಗೆ ಹೋಗೋಕೆ ದಾರಿ ಸಿಕ್ಕಿಲ್ಲ. ಅಚ್ಚಿನ ಗಾಳಿತೂತು ನೋಡಿದರೆ ಹಳೇ ಫೋಮ್ ಗಟ್ಟಿಯಾಗಿ ಮುಚ್ಚಿಹೋಗಿತ್ತು.

ಈ ಫೋಮ್ ಆಗೋದು ಪಾಲಿಯಾಲ್, ಐಸೊಸಯನೇಟ್ ಅನ್ನೋ ಎರಡು ರಾಸಾಯನಿಕಗಳಿಂದ, ಎರಡೂ ಬರೀ ದ್ರವ. ಬೆರೆಸಿದ ಕೆಲವೇ ಸೆಕೆಂಡಿಗೆ ಕೆನೆ ಬಣ್ಣಕ್ಕೆ ತಿರುಗಿ, ತಾನೇ ಬಿಸಿಯಾಗಿ, ಹಾಲು ಉಕ್ಕಿದ ಹಾಗೆ ಏಳುತ್ತಾ ಸಿಕ್ಕ ಸಂದಿಗೆಲ್ಲ ನುಗ್ಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಅಚ್ಚು ತಣ್ಣಗಿದ್ದರೆ ಗೋಡೆ ಪಕ್ಕ ಸರಿಯಾಗಿ ಉಬ್ಬಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಮೈಗೆ ಮೊದಲು ಬೆಂಕಿಯ ನಾಲಿಗೆ ಆಡಿಸದಿದ್ದರೆ ಅಂಟೋದೂ ಇಲ್ಲ, ಟ್ಯಾಂಕಿನ ಪ್ಲಾಸ್ಟಿಕ್ ಆದ ಪಾಲಿಎಥಿಲೀನ್‌ಗೆ ಸುಮ್ನೆ ಏನೂ ಹಿಡಿಯಲ್ಲ.

ಬಿಸಿಯನ್ನು ನಿಜವಾಗಿ ತಡೆಯೋದು ಫೋಮ್‌ನ ಸಣ್ಣ ಸಣ್ಣ ಮುಚ್ಚಿದ ಗೂಡುಗಳಲ್ಲಿ ಸಿಕ್ಕಿಬಿದ್ದ ಅನಿಲ. ಅದೇ ದೊಡ್ಡ ಪೊಳ್ಳಲ್ಲಿ ಗಾಳಿ ಸುತ್ತಾಡತೊಡಗಿದರೆ ಬಿಸಿಯನ್ನು ಹೊತ್ತು ಒಳಗೆ ತರುತ್ತದೆ. ಸೈಲೆನ್ಸರ್ ಕಡೆಯ ಮೂಲೆಯಲ್ಲೇ ಹೀಗಾದರೆ ಪೆಟ್ರೋಲ್ ಬಿಸಿಯಾಗಿ ಆವಿ ಜಾಸ್ತಿ ಆಗುತ್ತೆ ಅಲ್ವಾ? ಓಡಿಸುವವರಿಗೆ ಇದು ಕಾಣುವುದೇ ಇಲ್ಲ, ಅದಕ್ಕೇ ಮನಸ್ಸಿಗೆ ಜಾಸ್ತಿ ಚುಚ್ಚಿತು.

ಸಂಜೆ ಅಚ್ಚಿನ ಎಲ್ಲಾ ತೂತುಗಳಿಗೂ ತಂತಿ ಹಾಕಿ ಬಿಡಿಸಿದೆವು. ಕೊಯ್ದ ತುಂಡು ನನ್ನ ಮೇಜಿನ ಮೇಲೇ ಇದೆ.