ಮೊದಲು ಊಹೆ, ಆಮೇಲೆ ಚಿತ್ರ

ಪ್ರೋಗ್ರಾಮಿಂಗ್ ಹೊಸದಾಗಿ ಕಲಿಯುವವರಿಗೆ ಪೈಥಾನ್ ಹೇಳಿಕೊಡುವುದು ನನ್ನ ಕೆಲಸ. ಪ್ರೋಗ್ರಾಂ ಹೇಗೆ ಓಡುತ್ತದೆ ಅನ್ನುವುದನ್ನು ಪರದೆ ಮೇಲೆ ಚಿತ್ರವಾಗಿ ಓಡಿಸಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಅದನ್ನೇ ಕೇಳಿದರೆ ಉತ್ತರ ಬರುವುದಿಲ್ಲ. ಮುಂದೇನಾಗುತ್ತದೆ ಅಂತ ಮೊದಲು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಚಿತ್ರ ತೋರಿಸಿದರೆ ಮಾತ್ರ ವಿಷಯ ತಲೆಯಲ್ಲಿ ನಿಲ್ಲುತ್ತದೆ.

ಒಂದು ಚಿಕ್ಕ ಪ್ರೋಗ್ರಾಂ ನೋಡಿ. 'ಎ' ಎಂಬ ಲಿಸ್ಟ್‌ನಲ್ಲಿ 1 ಮತ್ತು 2 ಇವೆ. ಮುಂದಿನ ಸಾಲು 'ಬಿ = ಎ'. ಅದರ ಮುಂದಿನ ಸಾಲಿನಲ್ಲಿ 'ಬಿ'ಗೆ 3 ಸೇರಿಸುತ್ತೇವೆ. ಈಗ 'ಎ'ನಲ್ಲಿ ಏನಿದೆ? ಜಾಸ್ತಿ ಜನ '1, 2' ಅನ್ನುತ್ತಾರೆ. ವೇರಿಯಬಲ್ (ಇಲ್ಲಿ 'ಎ', 'ಬಿ'ಯಂಥ ಹೆಸರು) ಅಂದರೆ ಒಂದು ಡಬ್ಬಿ ಅಂತ ಅವರು ಕಲಿತಿರುತ್ತಾರೆ. ಹಾಗಾಗಿ 'ಎ' ಡಬ್ಬಿಯಲ್ಲಿದ್ದದ್ದು 'ಬಿ' ಡಬ್ಬಿಗೆ ನಕಲಾಯಿತು ಅಂದುಕೊಳ್ಳುತ್ತಾರೆ. ತಪ್ಪೇನೋ ಹೌದು, ಆದರೆ ಅದರ ಹಿಂದೆ ಯೋಚನೆ ಇದೆ ಅಲ್ವಾ?

ಇಲ್ಲಿ ನಾನು ಪೈಥಾನ್ ಟ್ಯೂಟರ್ ತೆರೆಯುತ್ತೇನೆ. ಪ್ರೋಗ್ರಾಂ ಒಂದೊಂದೇ ಸಾಲು ಓಡುವುದನ್ನು ಚಿತ್ರವಾಗಿ ತೋರಿಸುವ, ಫಿಲಿಪ್ ಗುವೋ 2010ರಲ್ಲಿ ಶುರು ಮಾಡಿದ ಸಾಧನ ಇದು. ಎಡಗಡೆ ಹೆಸರುಗಳು, ಬಲಗಡೆ ಆಬ್ಜೆಕ್ಟ್‌ಗಳು (ಲಿಸ್ಟ್‌ನಂಥವು), ನಡುವೆ ಬಾಣಗಳು. ಆದರೆ ಸುಮ್ನೆ ಗುಂಡಿ ಒತ್ತುತ್ತಾ ಹೋಗುವುದಿಲ್ಲ. 'ಬಿ = ಎ' ಸಾಲು ಬಂದಾಗ ನಿಲ್ಲಿಸಿ, ಬಾಣ ಎಲ್ಲಿಗೆ ಹೋಗುತ್ತದೆ ಅಂತ ಕಾಗದದಲ್ಲಿ ಬರೆಸುತ್ತೇನೆ. ಆಮೇಲೆ ಗುಂಡಿ. ಎರಡೂ ಬಾಣಗಳು ಒಂದೇ ಲಿಸ್ಟ್‌ಗೆ ಹೋಗುತ್ತವೆ! ಹಾಗಾಗಿ 'ಬಿ'ಗೆ 3 ಸೇರಿಸಿದರೆ 'ಎ'ನಲ್ಲೂ '1, 2, 3'. ತಾವು ಬರೆದ ಎರಡು ಲಿಸ್ಟ್‌ಗಳನ್ನೂ ಪರದೆಯ ಒಂದು ಲಿಸ್ಟನ್ನೂ ಹೋಲಿಸುತ್ತಲೇ ಪ್ರಶ್ನೆಗಳು ಬರುತ್ತವೆ. 'ಹಾಗಾದರೆ ಬೇರೆ ಲಿಸ್ಟ್ ಬೇಕಂದ್ರೆ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಕಾಪಿ ಮಾಡುವುದು ಹೇಳಿಕೊಡುತ್ತೇನೆ. ಲಿಸ್ಟ್ ಒಳಗೆ ಲಿಸ್ಟ್ ಇಟ್ಟು ಸಾಮಾನ್ಯ ರೀತಿಯಲ್ಲಿ ಕಾಪಿ ಮಾಡಿದರೆ, ಒಳಗಿನದು ಇನ್ನೂ ಎರಡಕ್ಕೂ ಒಂದೇ. ಇದನ್ನು ಮಾತಿನಲ್ಲಿ ವಿವರಿಸುವುದು ತುಂಬಾ ಕಷ್ಟ. ಬಾಣ ನೋಡಿದರೆ ಗೊತ್ತಾಗುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಹಂಡ್‌ಹೌಸನ್, ಡಗ್ಲಸ್ ಮತ್ತು ಸ್ಟಾಸ್ಕೊ ಎಂಬ ಸಂಶೋಧಕರು 2002ರಲ್ಲಿ ಇಂಥ ಚಿತ್ರ ತೋರಿಸಿ ಕಲಿಸುವುದರ ಬಗ್ಗೆ ನಡೆದ 24 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಚಿತ್ರ ಏನನ್ನು ತೋರಿಸುತ್ತದೆ ಅನ್ನುವುದಕ್ಕಿಂತ ವಿದ್ಯಾರ್ಥಿ ಅದನ್ನು ಹೇಗೆ ಬಳಸುತ್ತಾನೆ ಅನ್ನುವುದೇ ಮುಖ್ಯ ಅಂತ ಅವರಿಗೆ ಕಂಡಿತು.

ಮಕ್ಕಳಿಗಾದರೆ 2007ರಲ್ಲಿ ಬಂದ ಸ್ಕ್ರ್ಯಾಚ್ ಒಳ್ಳೆಯದು. ಅದರಲ್ಲಿ ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುತ್ತಾರೆ. ಬ್ಲಾಕ್‌ಗಳು ಒಂದಕ್ಕೊಂದು ಹೊಂದಿದರೆ ಮಾತ್ರ ಕೂಡಿಕೊಳ್ಳುತ್ತವೆ, ಸಿಂಟ್ಯಾಕ್ಸ್ ತಪ್ಪಿನ (ಬರೆಯುವ ನಿಯಮ ತಪ್ಪುವ) ಕಾಟವೇ ಇಲ್ಲ. ಅಲ್ಲೂ ನಾನು ಪ್ರೋಗ್ರಾಂ ಶುರು ಮಾಡುವ ಹಸಿರು ಬಾವುಟ ಒತ್ತುವ ಮೊದಲು ಪರದೆಯ ಮೇಲಿನ ಬೆಕ್ಕು ಎಲ್ಲಿ ನಿಲ್ಲುತ್ತದೆ ಅಂತ ಕೇಳುತ್ತೇನೆ.

ರಿಕರ್ಷನ್‌ಗೆ, ಅಂದರೆ ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದಕ್ಕೆ, ಥಾನಿ ಎಂಬ ಪೈಥಾನ್ ಸಾಧನ ನನಗಿಷ್ಟ. ಅದರ ಡೀಬಗರ್‌ನಲ್ಲಿ (ಪ್ರೋಗ್ರಾಂ ಹಂತ ಹಂತವಾಗಿ ಓಡಿಸಿ ನೋಡುವ ಭಾಗ) ಒಂದೊಂದು ಫಂಕ್ಷನ್ ಕರೆಗೂ ಹೊಸ ಕಿಟಕಿ ತೆರೆಯುತ್ತದೆ, ಕೆಲಸ ಮುಗಿದಾಗ ಮುಚ್ಚುತ್ತದೆ. 4ರ ಫ್ಯಾಕ್ಟೋರಿಯಲ್ (4×3×2×1) ಓಡಿಸುವ ಮೊದಲು ಎಷ್ಟು ಕಿಟಕಿ ತೆರೆಯುತ್ತವೆ, ಯಾವುದು ಮೊದಲು ಮುಚ್ಚುತ್ತದೆ ಅಂತ ಬರೆಸುತ್ತೇನೆ. ಇದನ್ನು ಸರಿಯಾಗಿ ಬರೆದವರಿಗೆ ಮುಂದಿನ ಲೆಕ್ಕದಲ್ಲಿ ಥಾನಿ ಕೊಡುವುದಿಲ್ಲ, ಬರೀ ಕಾಗದ ಪೆನ್ನು ಕೊಡುತ್ತೇನೆ.