ಪಾರಿಜಾತ ಕೇಳಿ ಬೆಳೆದವನಿಗೆ ಈ ಇಂಗ್ಲಿಷ್ ಹಾಡು ಯಾಕೆ?

ಬೆಳಗಾವಿಯ ನಮ್ಮ ಮನೆಗೆ ಬಂದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ‘ಅಲ್ರಿ, ನಿಮ್ಮ ಅಪ್ಪಾರು ಪಾರಿಜಾತದಾಗ ಪೇಟಿ ಬಾರಿಸಿದವರು. ನೀವು ನೋಡಿದ್ರ ಆ ಇಂಗ್ಲಿಷ್ ಹಾಡು ಹಚ್ಚಿಕೊಂಡು ಕುಂತಿರ್ತೀರಿ. ತಿಳೀತೈತೇನ್ರಿ ಅದು?’ ಪಾರಿಜಾತ ಅಂದರೆ ನಮ್ಮ ಕಡೆಯ ಬಯಲಾಟ, ಪೇಟಿ ಅಂದರೆ ಹಾರ್ಮೋನಿಯಂ. ಅವರು ಹೇಳುವ ಹಾಡು ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ‘ಬೊಹೀಮಿಯನ್ ರಾಪ್ಸೊಡಿ’. ಪ್ರತಿ ಸಲ ಚಹಾ ಮುಗಿಯುವುದರೊಳಗೆ ಏನೋ ಒಂದು ಹೇಳಿ ಮುಗಿಸುತ್ತಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ.

ಪಾರಿಜಾತ ಕೇಳಿ ಬೆಳೆದಿದ್ದಕ್ಕೇ ನನಗೆ ಈ ಹಾಡು ಹಿಡಿಸಿತು.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಗೊತ್ತು. ಕುಲಗೋಡ ತಮ್ಮಣ್ಣ ಬೆಳೆಸಿದ ಆಟ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಆಟ. ಕಥೆ ನೋಡಿದರೆ ಇಷ್ಟೇ. ಕೃಷ್ಣ ಒಂದು ಹೂವನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು. ಅಷ್ಟಕ್ಕೇ ಬೆಳತನಕ ಆಟ ನಡೆಯುತ್ತದೆ. ಈಗ ಅಳು, ಇನ್ನೊಂದು ಗಳಿಗೆಗೆ ನಗು, ನಡುವೆ ಜಗಳ, ಹಿಂದಿನಿಂದ ಮೇಳದವರು ಎತ್ತರದ ದನಿಯಲ್ಲಿ ಪದ ಎತ್ತಿಕೊಳ್ಳುವುದು, ಮತ್ತೆ ಪೇಟಿ ಮೆಲ್ಲಗಾಗುವುದು. ಒಂದೇ ಭಾವದಲ್ಲಿ ಕೂರುವ ಮಾತೇ ಇಲ್ಲ.

ಈಗ ಆ ಹಾಡು ಕೇಳಿ. ಮೊದಲು ಒಬ್ಬ ಹುಡುಗ ಪಿಯಾನೋ ಜೊತೆ ಅವ್ವನ ಮುಂದೆ ತನ್ನ ತಪ್ಪು ಹೇಳಿಕೊಳ್ಳುತ್ತಾನೆ, ಒಬ್ಬನನ್ನು ಕೊಂದುಬಿಟ್ಟಿದ್ದಾನೆ. ಆಮೇಲೆ ಗಿಟಾರ್ ಅಳುತ್ತದೆ. ಇದ್ದಕ್ಕಿದ್ದಂತೆ ಒಂದು ಮೇಳವೇ ಎದ್ದು ನಿಲ್ಲುತ್ತದೆ: ಬಿಡಿ ಅನ್ನುವವರು, ಬಿಡೋದಿಲ್ಲ ಅನ್ನುವವರು, ನಡುವೆ ‘ಬಿಸ್ಮಿಲ್ಲಾ’ ಅಂತ ಕೂಗು. ಅದು ಒಡೆದು ಜೋರು ರಾಕ್ ಆಗಿ, ಕೊನೆಗೆ ಮತ್ತೆ ಮೆಲ್ಲಗೆ ಮುಗಿಯುತ್ತದೆ. ಅರ್ಥ ಏನು ಅಂತ, ಹಾಡು ಬರೆದ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯೇ ಬಿಡಿಸಿ ಹೇಳಲಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ಆ ಹುಡುಗನ ಸಂಕಟ ತಿಳಿಯುತ್ತದೆ, ಸಾಕು.

ಈ ಹಾಡು ಹೊರಗೆ ಬಂದ ಕಥೆಯೂ ನನಗೆ ಅಷ್ಟೇ ಇಷ್ಟ. ಆಗ ಸಿಂಗಲ್ (ಒಂದೇ ಹಾಡಿಗೆ ಅಂತ ಬಿಡುವ ರೆಕಾರ್ಡು) ಅಂದರೆ ಮೂರು ನಿಮಿಷ ಅಂತ ಲೆಕ್ಕ. ಇದು 5 ನಿಮಿಷ 55 ಸೆಕೆಂಡ್! ಇಷ್ಟುದ್ದದ ಹಾಡನ್ನು ರೇಡಿಯೋದವರು ಹಾಕುವುದೇ ಇಲ್ಲ, ಕತ್ತರಿಸಿ ಅಂತ ರೆಕಾರ್ಡ್ ಕಂಪನಿಯ ಕಡೆಯಿಂದ ಒತ್ತಾಯ. ಬ್ಯಾಂಡಿನವರು ಒಪ್ಪಲಿಲ್ಲ. ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ನಿರೂಪಕರಾಗಿದ್ದ ಕೆನ್ನಿ ಎವೆರೆಟ್ ಅವರ ಕೈಗೆ ಬಿಡುಗಡೆಗೆ ಮುಂಚೆಯೇ ಒಂದು ಟೇಪು ಸಿಕ್ಕಿತು. ಆತ ವಾರಾಂತ್ಯದ ಎರಡು ದಿನದಲ್ಲಿ 14 ಸಲ ಹಾಕಿದ. ಸೋಮವಾರ ಜನ ಅಂಗಡಿಗೆ ಹೋಗಿ ಕೇಳಿದರೆ ರೆಕಾರ್ಡೇ ಇನ್ನೂ ಬಂದಿಲ್ಲ. 1975ರ ಅಕ್ಟೋಬರ್ 31ಕ್ಕೆ ಹಾಡು ಬಿಡುಗಡೆಯಾಯಿತು. ಬ್ರಿಟನ್ನಿನ ಸಿಂಗಲ್ ಮಾರಾಟದ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲನೇ ಸ್ಥಾನದಲ್ಲಿ ಕೂತಿತು. 1991ರಲ್ಲಿ ಮರ್ಕ್ಯುರಿ ತೀರಿಕೊಂಡ ಮೇಲೆ ಮತ್ತೆ ಬಿಟ್ಟರು, ಅದೇ ರೆಕಾರ್ಡಿಂಗ್ ಮತ್ತೆ ಮೊದಲನೇ ಸ್ಥಾನ, ಈ ಸಲ ಐದು ವಾರ.

ಎಲ್ಲರೂ ಹೊಗಳಿದರು ಅಂತಲ್ಲ. ‘ಮೆಲೊಡಿ ಮೇಕರ್’ ಪತ್ರಿಕೆಯ ವಿಮರ್ಶಕರು ಇದನ್ನು ಹವ್ಯಾಸಿ ಆಪರಾ (ಹಾಡಿನಲ್ಲೇ ನಡೆಯುವ ನಾಟಕ) ಮಂಡಳಿಯವರ ಆಟಕ್ಕೆ ಹೋಲಿಸಿ ಹೀಯಾಳಿಸಿದರು. ನಾನು ಅದನ್ನು ಓದಿದಾಗ ನಿಜವಾಗಿಯೂ ಬೇಜಾರಾಯಿತು. ಹಗಲು ಹೊಲದಲ್ಲಿ ದುಡಿದು, ರಾತ್ರಿ ಬಣ್ಣ ಹಚ್ಚಿಕೊಂಡು ಬೆಳತನಕ ಹಾಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹವ್ಯಾಸಿ ಮಂಡಳಿ ಅನ್ನುವುದು ಬೈಗುಳ ಹೇಗಾಗುತ್ತದೆ?

ಇನ್ನೊಂದು ಮಾತು. ಜಾಂಜಿಬಾರದಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫಾರೂಖ್ ಬಲ್ಸಾರಾನೇ ಮುಂದೆ ಮರ್ಕ್ಯುರಿ ಆದದ್ದು. ಓದಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ, ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. ನಮ್ಮ ಪುಣೆ ರಸ್ತೆ ಹಿಡಿದು ಕೊಲ್ಲಾಪುರ, ಕರಾಡ, ಸಾತಾರಾ ದಾಟಿದರೆ ಪಂಚಗಣಿ ಬಂತು. ‘ಆ ಹಾಡು ಎಲ್ಲಿಯದೋ’ ಅನ್ನುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಅಪ್ಪನಿಗೆ ಈ ಹಾಡು ಕೇಳಿಸಿದ್ದು ಒಂದು ಮಳೆಗಾಲದ ರಾತ್ರಿ. ಹೆಡ್‌ಫೋನ್ ಕಿವಿಗೆ ಹಾಕಿ ಕೂರಿಸಿದೆ. ಕಣ್ಣು ಮುಚ್ಚಿಕೊಂಡರು. ಬಲಗೈ ಬೆರಳು ತೊಡೆಯ ಮೇಲೆ ಪೇಟಿಯ ಮನೆ ಹುಡುಕಿದಂತೆ ಆಡುತ್ತಿತ್ತು. ಮೇಳ ಎದ್ದ ಜಾಗಕ್ಕೆ ಬೆರಳು ನಿಂತೇಬಿಟ್ಟಿತು. ಮುಗಿದ ಮೇಲೆ ಮೊದಲು ಕೇಳಿದ್ದು, ‘ಮ್ಯಾಳದಾಗ ಎಷ್ಟು ಮಂದಿ ಅದಾರ?’

‘ಮೂರೇ ಮಂದಿ, ಅಪ್ಪಾ.’

ನಂಬಲಿಲ್ಲ. ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್, ಬ್ಯಾಂಡಿನ ಈ ಮೂವರೇ ದಿನಕ್ಕೆ ಹತ್ತು ಹನ್ನೆರಡು ತಾಸು ಹಾಡಿದ್ದು, ಒಂದರ ಮೇಲೊಂದು ದನಿ ಕೂರಿಸಿದ್ದು, ಆ ಭಾಗಕ್ಕೇ ಮೂರು ವಾರ ಹಿಡಿದಿದ್ದು, ಟೇಪು ತಿರುಗಿ ತಿರುಗಿ ಸವೆದು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಂತಾಗಿದ್ದು, ಎಲ್ಲ ಹೇಳಿದೆ. ಅತ್ತಿತ್ತ ನೋಡಲಿಲ್ಲ, ಪೂರ್ತಿ ಕೇಳಿದರು. ಆ ಎತ್ತರದ ದನಿ ಟೇಲರ್ ಅವರದು, ಡ್ರಮ್ ಬಾರಿಸುವವರು ಅಂದಾಗ ಮಾತ್ರ ‘ಹೌದಾ?’ ಅಂದರು.

ಹೆಡ್‌ಫೋನ್ ತೆಗೆಯಲು ಹೋದೆ. ಕೈ ಹಿಡಿದರು.

‘ಆ ಮ್ಯಾಳ ಏಳೋದು ಇನ್ನೊಮ್ಮೆ ಹಚ್ಚು.’

ಆಗ ಹನ್ನೊಂದು ಹೊಡೆದಿತ್ತು. ನಾಲ್ಕು ಸಲ ಹಚ್ಚಿದೆ.